ಸಕ್ಕರೆ ಕಾಯಿಲೆ: ತಪ್ಪು ಮುಚ್ಚಿಡುವವನದೇ, ಮುಚ್ಚಿಡಿಸುವವರದೇ?

ಹಬ್ಬದ ಮುಂಚಿನ ವಾರ. ಮಧ್ಯಾಹ್ನ ಎರಡೂವರೆ ಗಂಟೆ. ಪಟ್ಟಣದ ಜವಳಿ ಅಂಗಡಿಯೊಂದರಲ್ಲಿ ಗಿರಾಕಿಗಳ ನೂಕುನುಗ್ಗಲು. ಬೆಳಗ್ಗೆ ಮಾತ್ರೆ ನುಂಗಿ ಬಂದ ಸೇಲ್ಸ್‌ಮನ್ ಇನ್ನೂ ಊಟ ಮಾಡಿಲ್ಲ. ಆತನ ಕೈ ನಡುಗುತ್ತಿದೆ. ಹಣೆಯ ತುಂಬ ಬೆವರು. ಬಟ್ಟೆಯ ಅಳತೆ ತಪ್ಪುತ್ತದೆ, ಬಿಲ್ಲಿನ ಲೆಕ್ಕ ತಪ್ಪುತ್ತದೆ. ಗಿರಾಕಿಯ ಸರಳ ಪ್ರಶ್ನೆಗೂ ಸಿಡುಕಿನ ಉತ್ತರ ಕೊಡುತ್ತಾನೆ. ಮಾಲಕರು ಗದರುತ್ತಾರೆ. ಜೊತೆಗಾರರು ಮುಖ ಮುಖ ನೋಡಿಕೊಳ್ಳುತ್ತಾರೆ. ಆ ಹೊತ್ತಿಗೆ ಆತನಿಗೆ ಬೇಕಾಗಿದ್ದುದು ಮೂರು ಚಮಚ ಸಕ್ಕರೆ ಕದಡಿದ ಒಂದು ಲೋಟ ನೀರು. ಸಿಕ್ಕಿದ್ದು ಬೈಗುಳ. ಯಾಕೆಂದರೆ, ಆತನಿಗೆ ಮಧುಮೇಹ ಇದೆಯೆಂಬುದು ಆ ಅಂಗಡಿಯಲ್ಲಿ ಯಾರಿಗೂ ಗೊತ್ತಿಲ್ಲ. ಹಲವು ವರ್ಷಗಳಿಂದ ಆತ ಅದನ್ನು ಅಡಗಿಸಿಟ್ಟಿದ್ದಾನೆ.

ಇಂತಹ ದೃಶ್ಯವನ್ನು ಊಹಿಸಿಕೊಳ್ಳುವುದಕ್ಕೆ ನಾವು ಯಾರೂ ಕಷ್ಟಪಡಬೇಕಾಗಿಲ್ಲ. ಅಂಗಡಿಯ ಜಾಗದಲ್ಲಿ ಬ್ಯಾಂಕು, ಶಾಲೆ, ಕಾರ್ಖಾನೆ, ಬಸ್ಸಿನ ಚಾಲಕನ ಆಸನ ಯಾವುದನ್ನಿಟ್ಟರೂ ಕತೆ ಬದಲಾಗುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ ಎಂದು ಅದು ಅಂದಾಜಿಸಿತು. ನಗರ, ಪಟ್ಟಣಗಳ ವಯಸ್ಕರಲ್ಲಿ ಈ ಪ್ರಮಾಣ ಶೇ. 16.4. ಅಂದರೆ, ಸರಾಸರಿ ಲೆಕ್ಕದಲ್ಲಿ ಆರು ಮಂದಿಯಲ್ಲಿ ಒಬ್ಬರು. ಹನ್ನೆರಡು ಮಂದಿ ದುಡಿಯುವ ಕಡೆ ಇಬ್ಬರು. ಹಾಗಿದ್ದರೂ 'ನಮ್ಮಲ್ಲಿ ಅಂಥವರು ಯಾರೂ ಇಲ್ಲ' ಎಂದು ಮಾಲಕರು ಸಲೀಸಾಗಿ ಹೇಳುತ್ತಾರೆಂದರೆ, ಅದರರ್ಥ ಕಾಯಿಲೆ ಇಲ್ಲವೆಂದಲ್ಲ. ಕಾಯಿಲೆ ಇರುವವನು ಬಾಯಿ ತೆರೆಯುವ ಧೈರ್ಯ ಮಾಡಿಲ್ಲ ಎಂದು.

ಅಷ್ಟಕ್ಕೂ, ಈ ಮೌನ ಶುರುವಾಗುವುದು ಎಲ್ಲಿಂದ? ನಮ್ಮ ಮನೆಗಳಿಂದಲೇ. ಹದಿನೈದರ ಮಗಳಿಗೆ ಟೈಪ್ 1 ಮಧುಮೇಹ ಎಂದು ವೈದ್ಯರು ಹೇಳಿದ ದಿನವೇ, 'ಯಾರಿಗೂ ಹೇಳಬೇಡ, ನಾಳೆ ಮದುವೆಗೆ ತೊಂದರೆ' ಎಂಬ ಪಾಠವೂ ಸಿಗುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವುದೆಂದರೆ ಬಾಗಿಲು ಹಾಕಿ ಮಾಡಬೇಕಾದ ಕೆಲಸ ಎಂದು ಆಕೆ ಕಲಿಯುತ್ತಾಳೆ. ಮುಂದೆ ಅದೇ ಹೆಣ್ಣುಮಗಳು ಶಾಲೆಯೊಂದರಲ್ಲಿ ಶಿಕ್ಷಕಿಯಾದಾಗ, ಸ್ಟಾಫ್ ರೂಮಿನಲ್ಲಿ ಜಾಗವಿದ್ದರೂ ಶೌಚಾಲಯಕ್ಕೆ ಹೋಗಿ ಸೂಜಿ ಚುಚ್ಚಿಕೊಳ್ಳುತ್ತಾಳೆ. ಆಕೆಗೆ ಅಂಜಿಕೆಯನ್ನು ಕಲಿಸಿದವರು ನಾವು. ಮತ್ತೆ ಆಕೆಯನ್ನೇ 'ಯಾಕೆ ಹೇಳಲಿಲ್ಲ?' ಎಂದು ಕೇಳುವ ಹಕ್ಕು ನಮಗಿದೆಯೇ?

'ಕಾಯಿಲೆ ಖಾಸಗಿ ವಿಷಯ, ಊರಿಗೆಲ್ಲ ಸಾರಬೇಕೇ?' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಮ್ ಕೋರ್ಟು 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಯಾರ ರಕ್ತದಲ್ಲಿ ಎಷ್ಟು ಸಕ್ಕರೆಯಿದೆ ಎಂದು ಕೆದಕುವ ಅಧಿಕಾರ ಪಕ್ಕದ ಮೇಜಿನವರಿಗಿಲ್ಲ. ಆದರೆ ಹೇಳದಿರುವ ಹಕ್ಕು ಬೇರೆ, ಹೇಳಲಾಗದ ಭಯ ಬೇರೆ. ಮೊದಲನೆಯದು ಸ್ವಾತಂತ್ರ್ಯ. ಎರಡನೆಯದು ಬಂಧನ. ನಮ್ಮ ಹೆಚ್ಚಿನ ದುಡಿಯುವವರು ಈ ಎರಡನೆಯದರಲ್ಲಿದ್ದಾರೆ. ಮತ್ತು ನಾವು ಅದಕ್ಕೆ ಖಾಸಗಿತನವೆಂಬ ಗೌರವದ ಹೆಸರನ್ನು ಕೊಟ್ಟು ಸುಮ್ಮನಾಗುತ್ತಿದ್ದೇವೆ.

ಈ ಮೌನದ ಬೆಲೆ ಎಷ್ಟೆಂದು ಅರಿಯಬೇಕಾದರೆ ಒಂದು ವಿಷಯ ತಿಳಿದಿರಬೇಕು. ಮಧುಮೇಹವೆಂದರೆ ಸಕ್ಕರೆ ಏರುವ ಕಾಯಿಲೆಯೆಂದು ಎಲ್ಲರಿಗೂ ಗೊತ್ತು. ಆದರೆ ಕೆಲಸದ ನಡುವೆ ದಿಢೀರ್ ಅಪಾಯ ತರುವುದು ಹೆಚ್ಚಾಗಿ ಅದರ ಇಳಿತ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆ ನುಂಗುವವರು ಊಟ ತಪ್ಪಿಸಿದರೆ, ಎಂದಿಗಿಂತ ಹೆಚ್ಚು ದೈಹಿಕ ಶ್ರಮಪಟ್ಟರೆ ರಕ್ತದ ಸಕ್ಕರೆ 70 ಮಿಲಿಗ್ರಾಮ್‌ಗಿಂತ ಕೆಳಗಿಳಿಯಬಹುದು. ಮೆಟ್‌ಫಾರ್ಮಿನ್ ಮಾತ್ರ ತೆಗೆದುಕೊಳ್ಳುವವರಲ್ಲಿ ಇದು ವಿರಳ. ಸಕ್ಕರೆ ಇಳಿದಾಗ ನಡುಕ, ಬೆವರು, ಎದೆಬಡಿತ, ಸಿಡುಕು, ಗೊಂದಲ ಕಾಣಿಸಿಕೊಳ್ಳುತ್ತದೆ. ಇನ್ನೂ ಇಳಿದರೆ ಪ್ರಜ್ಞೆ ತಪ್ಪುತ್ತದೆ. ದುರಂತ ಏನೆಂದರೆ, ಮೊದಲು ಮಂಕಾಗುವುದೇ ಮೆದುಳು. ತನಗೇನಾಗುತ್ತಿದೆ ಎಂದು ಹೇಳುವ ಶಕ್ತಿಯೇ ಆ ಗಳಿಗೆಯಲ್ಲಿ ಆತನಲ್ಲಿ ಇರುವುದಿಲ್ಲ. ಆದ್ದರಿಂದ ಹೇಳಬೇಕಾದ ಮಾತನ್ನು ಚೆನ್ನಾಗಿರುವ ದಿನವೇ ಹೇಳಿಟ್ಟಿರಬೇಕು.

ಊರಿಗೆ ಸಾರಬೇಕಾಗಿಲ್ಲ. ದಿನವೂ ಜೊತೆಗಿರುವ ಇಬ್ಬರಿಗೆ ಹೇಳಿದರೆ ಸಾಕು. ಅದೂ ನಾಲ್ಕು ವಾಕ್ಯ: 'ನನಗೆ ಮಧುಮೇಹವಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು. ನಾನು ಬೆವರುತ್ತಾ ತಡವರಿಸಿದರೆ ಮೂರು ಚಮಚ ಸಕ್ಕರೆ ಕದಡಿದ ನೀರು ಕೊಡಿ, ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ.' ಇಷ್ಟು ಹೇಳುವುದಕ್ಕೆ ಒಂದು ನಿಮಿಷ ಬೇಡ. ಆದರೂ ಹತ್ತು ವರ್ಷ ಜೊತೆಗೆ ದುಡಿದವರ ನಡುವೆ ಆ ಒಂದು ನಿಮಿಷ ಹುಟ್ಟುವುದೇ ಇಲ್ಲ. ಯಾಕೆ?

ಯಾಕೆಂದರೆ, ಹೇಳಿದವನ ಪಾಡೇನಾಗುತ್ತದೆ ಎಂಬುದನ್ನು ಆತ ನೋಡಿದ್ದಾನೆ. ಮರುದಿನದಿಂದ ಆತ ಮನುಷ್ಯನಾಗಿ ಉಳಿಯುವುದಿಲ್ಲ, 'ಶುಗರಿನವ' ಆಗುತ್ತಾನೆ. ಬಿರಿಯಾನಿಯ ತಟ್ಟೆಗೆ ಕೈ ಹಾಕಿದರೆ ಹತ್ತು ಕಣ್ಣುಗಳು. ಕಚೇರಿಯಲ್ಲಿ ಸಿಹಿ ಹಂಚುವಾಗ ಆತನನ್ನು ದಾಟಿ ಮುಂದಕ್ಕೆ ಹೋಗುವ ಪೊಟ್ಟಣ. 'ಚಿಕ್ಕಂದಿನಲ್ಲಿ ಸಿಹಿ ತಿಂದದ್ದು ಹೆಚ್ಚಾಯಿತು' ಎಂಬ ತೀರ್ಪು. 'ಇನ್ಸುಲಿನ್ ಬಿಡು, ಹಾಗಲಕಾಯಿ ರಸ ಕುಡಿ' ಎಂಬ ಪುಕ್ಕಟೆ ಚಿಕಿತ್ಸೆ. ಟೈಪ್ 1 ಮಧುಮೇಹ ಇರುವವರು ಇನ್ಸುಲಿನ್ ಬಿಟ್ಟರೆ ಬದುಕುವುದಿಲ್ಲ ಎಂಬ ಸತ್ಯ ಸಲಹೆ ಕೊಟ್ಟವರಿಗೆ ಗೊತ್ತಿಲ್ಲ. ಸಹೋದ್ಯೋಗಿಯಿಂದ ಆತ ಬಯಸಿದ್ದು ಉಸ್ತುವಾರಿಯನ್ನಲ್ಲ. ಏನು ತಿನ್ನಬೇಕೆಂಬುದು ಆತನಿಗೂ ವೈದ್ಯರಿಗೂ ಬಿಟ್ಟ ವಿಷಯ.

ಇನ್ನು ಮಾಲಕರ ವಿಷಯ. ನಮ್ಮ ಪಟ್ಟಣಗಳಲ್ಲಿ ಅಂಗಡಿ, ಹೊಟೇಲು, ಶಾಲೆಗಳನ್ನು ನಡೆಸುವವರಲ್ಲಿ ನಮ್ಮವರೂ ಸಾಕಷ್ಟು ಮಂದಿ ಇದ್ದಾರೆ. ಅವರಿಗೆ ಒಂದು ಪ್ರಶ್ನೆ: ನಿಮ್ಮ ನೌಕರ ನಾಳೆ ಬಂದು ಸತ್ಯ ಹೇಳಿದರೆ ಏನು ಮಾಡುವಿರಿ? ಊಟದ ಹೊತ್ತನ್ನು ಖಚಿತಪಡಿಸುವಿರೋ, ಅಥವಾ ಮುಂದಿನ ತಿಂಗಳು ಬೇರೊಬ್ಬನನ್ನು ಹುಡುಕುವಿರೋ? ರಮಝಾನ್ ತಿಂಗಳನ್ನೇ ತೆಗೆದುಕೊಳ್ಳಿ. ಕಾಯಿಲೆ ಇರುವವರಿಗೆ ಉಪವಾಸದಿಂದ ವಿನಾಯಿತಿಯನ್ನು ಕುರ್‌ಆನ್‌ನ ಅಲ್ ಬಕರಾ ಅಧ್ಯಾಯವೇ ಕೊಟ್ಟಿದೆ. ಉಪವಾಸಿಗರ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ತಕ್ಷಣ ಉಪವಾಸ ಮುರಿಯಬೇಕೆಂದು ಅಂತಾರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿಯೂ ಹೇಳುತ್ತದೆ. ಹಾಗಿದ್ದೂ ವೈದ್ಯರ ಸೂಚನೆಯಂತೆ ಉಪವಾಸ ಬಿಟ್ಟ ನೌಕರನೊಬ್ಬ ನಮ್ಮದೇ ಅಂಗಡಿಯ ಗೋದಾಮಿನ ಮೂಲೆಯಲ್ಲಿ ಕಳ್ಳನಂತೆ ನಿಂತು ನೀರು ಕುಡಿಯಬೇಕಾಗಿ ಬಂದರೆ, ಅಥವಾ ಜನ ಏನಂದಾರು ಎಂದು ಹೆದರಿ ಉಪವಾಸ ಮುರಿಯದೆ ಕುಸಿದು ಬಿದ್ದರೆ, ಹೊಣೆ ಯಾರದ್ದು? ದೇವನು ಕೊಟ್ಟ ರಿಯಾಯಿತಿಯನ್ನು ಕಸಿಯುವ ಅಧಿಕಾರವನ್ನು ನಮ್ಮ ನಾಲಗೆಗೆ ಕೊಟ್ಟವರು ಯಾರು?

ಸರಕಾರವೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಎಚ್‌ಐವಿ ಬಾಧಿತರನ್ನು ಉದ್ಯೋಗದಲ್ಲಿ ತಾರತಮ್ಯದಿಂದ ಕಾಯುವ ಕಾನೂನು 2017ರಲ್ಲಿ ಬಂತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ಆ ಪಟ್ಟಿಯಲ್ಲಿ ಮಧುಮೇಹವಿಲ್ಲ. ಅಮೇರಿಕದಲ್ಲಿ 2008ರ ಕಾನೂನು ತಿದ್ದುಪಡಿಯ ಬಳಿಕ ಮಧುಮೇಹಿ ನೌಕರರಿಗೆ ಈ ರಕ್ಷಣೆ ಗಟ್ಟಿಯಾಗಿದೆ. ನಮ್ಮಲ್ಲಿ 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದುವು. ನಲ್ವತ್ತು ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ನಡೆಸಬೇಕೆಂದು ಸರಕಾರ ಹೇಳಿತು. ಸ್ವಾಗತಾರ್ಹ. ಆದರೆ, ಆ ತಪಾಸಣೆಯಲ್ಲಿ ಮಧುಮೇಹ ಪತ್ತೆಯಾದವನನ್ನು ಮಾಲಕ ಕೆಲಸದಿಂದ ಬಿಡಿಸಿದರೆ? ಎಚ್‌ಐವಿ ಬಾಧಿತರಿಗೆ ಸಿಕ್ಕಂತಹ ಸ್ಪಷ್ಟ ರಕ್ಷಣೆಯನ್ನು ಈತನಿಗೆ ಕೊಡದೆ ತಪಾಸಣೆ ಮಾತ್ರ ಮಾಡಿಸಿದರೆ, ಆತ ಮುಂದಿನ ವರ್ಷ ಆ ದಿನ ರಜೆ ಹಾಕುವುದನ್ನು ಕಲಿಯುತ್ತಾನೆ, ಅಷ್ಟೇ.

ಮಧುಮೇಹ ಇರುವವನಿಂದ ಕೆಲಸವಾಗದು ಎಂದು ನಂಬುವವರು ವಸೀಮ್ ಅಕ್ರಮ್‌ರನ್ನು ನೆನಪಿಸಿಕೊಳ್ಳಬೇಕು. 1997ರಲ್ಲಿ ಅವರಿಗೆ ಮಧುಮೇಹ ಪತ್ತೆಯಾಯಿತು. ಆ ಬಳಿಕ ಅವರು 1999ರ ವಿಶ್ವಕಪ್ ಫೈನಲ್‌ನಲ್ಲಿ ಪಾಕಿಸ್ತಾನ ತಂಡವನ್ನು ಮುನ್ನಡೆಸಿದರು. 2003ರ ವಿಶ್ವಕಪ್‌ನಲ್ಲಿ ಏಕದಿನ ಕ್ರಿಕೆಟ್‌ನ 500 ವಿಕೆಟ್‌ಗಳನ್ನು ಪೂರೈಸಿದ ಮೊದಲ ಬೌಲರ್ ಆದರು. ಬ್ರಿಟನ್ನಿನ ಗೃಹ ಸಚಿವೆಯಾಗಿದ್ದ ತೆರೇಸಾ ಮೇ 2013ರಲ್ಲಿ ತನಗೆ ಟೈಪ್ 1 ಮಧುಮೇಹ ಇದೆಯೆಂದು ಬಹಿರಂಗವಾಗಿ ಹೇಳಿದರು. ಮೂರು ವರ್ಷಗಳ ಬಳಿಕ ಅವರು ಪ್ರಧಾನಿಯಾದರು.

'ದೊಡ್ಡವರು ಏನು ಹೇಳಿದರೂ ನಡೆಯುತ್ತದೆ, ಹನ್ನೆರಡು ಸಾವಿರ ಸಂಬಳದವನು ಹೇಳಿದರೆ ನಡೆದೀತೇ?' ಎಂಬ ಮರುಪ್ರಶ್ನೆ ಬರುತ್ತದೆ. ಬರಬೇಕಾದದ್ದೇ. ಅದಕ್ಕೆ ಉತ್ತರ ನೆರೆಯ ಕೇರಳದಲ್ಲಿದೆ. ಕೋಝಿಕ್ಕೋಡಿನ ಅಂಗಡಿಗಳಲ್ಲಿ ದಿನವಿಡೀ ನಿಂತೇ ದುಡಿಯುತ್ತಿದ್ದ ಹೆಣ್ಣುಮಕ್ಕಳು ತಮ್ಮ ಕಾಲುನೋವನ್ನು, ಶೌಚಾಲಯಕ್ಕೆ ಹೋಗಲಾಗದ ಸಂಕಟವನ್ನು ನಾಚಿಕೆ ಬಿಟ್ಟು ಬೀದಿಯಲ್ಲಿ ಹೇಳಿದರು. ಒಬ್ಬೊಬ್ಬರಾಗಿ ಹೇಳಿದ್ದರೆ ಒಬ್ಬೊಬ್ಬರಾಗಿ ಮನೆಗೆ ಹೋಗುತ್ತಿದ್ದರೋ ಏನೋ. ಅವರು ಒಟ್ಟಾಗಿ ಹೇಳಿದರು. 2018ರಲ್ಲಿ ಕೇರಳ ಸರಕಾರ ಕಾನೂನನ್ನೇ ತಿದ್ದಿ, ಅಂಗಡಿ ನೌಕರರಿಗೆ ಕುಳಿತುಕೊಳ್ಳುವ ಸೌಲಭ್ಯವನ್ನು ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ದೇಹದ ಅಗತ್ಯವನ್ನು ಹೇಳಿಕೊಳ್ಳುವುದು ದೌರ್ಬಲ್ಯವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ?

ಮಧುಮೇಹಿ ನೌಕರ ಕೇಳುವುದಾದರೂ ಏನನ್ನು? ಊಟಕ್ಕೆ ಅರ್ಧ ಗಂಟೆ. ಸೂಜಿ ಚುಚ್ಚಿಕೊಳ್ಳಲು ಶುಚಿಯಾದ ಒಂದು ಮೂಲೆ. ಬೇಕೆನಿಸಿದಾಗ ನೀರು ಕುಡಿಯುವ, ಶೌಚಾಲಯಕ್ಕೆ ಹೋಗುವ ಅವಕಾಶ. ಇನ್ಸುಲಿನ್ ಇಡಲು ತಂಪಾದ ಒಂದಿಷ್ಟು ಜಾಗ. ಕೌಂಟರಿನ ಡ್ರಾಯರಿನಲ್ಲಿ ಒಂದು ಪೊಟ್ಟಣ ಗ್ಲೂಕೋಸ್. ಇವುಗಳಲ್ಲಿ ಯಾವುದೂ ಅಂಗಡಿಯನ್ನು ಮುಳುಗಿಸುವ ಖರ್ಚಲ್ಲ. ಗಿರಾಕಿಗೆ ತಂಪು ಪಾನೀಯ ತರಿಸಿ ಕೊಡುವ ಅಂಗಡಿ, ಹತ್ತು ವರ್ಷ ಬೆವರು ಸುರಿಸಿದವನಿಗೆ ಒಂದು ಲೋಟ ಸಕ್ಕರೆ ನೀರು ಕೊಡಲಾರದೇ?

ಆದ್ದರಿಂದ ಮೊದಲ ಮಾತು ನೌಕರನಿಂದ ಬರಲಿ ಎಂದು ಕಾಯುವುದು ಬೇಡ. ಅದು ಮಾಲಕರಿಂದ ಬರಲಿ. 'ನಿಮ್ಮಲ್ಲಿ ಯಾರಿಗಾದರೂ ಕಾಯಿಲೆಯಿದ್ದರೆ ನನಗೆ ಅಥವಾ ನಿಮಗೆ ಬೇಕಾದವರಿಗೆ ತಿಳಿಸಿ, ಕೆಲಸಕ್ಕೆ ತೊಂದರೆಯಾಗದು' ಎಂದು ಅವರು ಹೇಳಲಿ, ಹೇಳಿದಂತೆ ನಡೆಯಲಿ. ಮಸೀದಿಯ ಜಮಾಅತ್‌ಗಳು ಉಚಿತ ಸಕ್ಕರೆ ತಪಾಸಣಾ ಶಿಬಿರ ಏರ್ಪಡಿಸುವಾಗ ಊರಿನ ವ್ಯಾಪಾರಿಗಳನ್ನೂ ಕೂರಿಸಿ ಈ ಮಾತನ್ನು ಆಡಲಿ. ಅಷ್ಟಾದ ಮೇಲೂ ಆ ಸೇಲ್ಸ್‌ಮನ್ ಮೌನವಾಗಿದ್ದರೆ ಆತನನ್ನು ಪ್ರಶ್ನಿಸೋಣ. ಅಲ್ಲಿಯವರೆಗೆ ಪ್ರಶ್ನೆಗೆ ಉತ್ತರಿಸಬೇಕಾದವರು ನಾವು.