‘ಸದ್ದಲೇ’ ಎನ್ನಬೇಕಾದ್ದು ಯಾರಿಗೆ?

ದಸರೆಯ ಆಯುಧಪೂಜೆಯ ದಿನ ದೇವರಗುಡ್ಡದಲ್ಲಿ ಮಾಲತೇಶನ ಕಾರ್ಣಿಕ ನಡೆಯುತ್ತದೆ. ಗೊರವಪ್ಪ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದರೆ ನೆರೆದ ಜನಸ್ತೋಮದ ಗದ್ದಲ ಒಂದೇ ಗಳಿಗೆಯಲ್ಲಿ ಅಡಗುತ್ತದೆ. ಆಮೇಲೆ ಅವರ ಬಾಯಿಂದ ಬರುವುದು ಒಂದೇ ವಾಕ್ಯ. ಅದು ಮಳೆ-ಬೆಳೆಯದೋ, ರಾಜಕೀಯದ್ದೋ ಎಂಬ ಚರ್ಚೆ ಆನಂತರದ್ದು. ಇಂಥ ವಾಕ್ಯಗಳನ್ನು ಜನ ಹೇಗೆ ಅರ್ಥೈಸುತ್ತಾರೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಆದರೆ ‘ಸದ್ದಲೇ’ ಎಂಬ ಮಾತು ನನಗೆ ಸರಿಯಾಗಿ ತಿಳಿದದ್ದು ಗುಡ್ಡದ ಮೇಲಲ್ಲ, ರಾಣೆಬೆನ್ನೂರಿನ ಒಂದು ಗ್ಯಾರೇಜಿನಲ್ಲಿ.

ನಮ್ಮ ಮಾಮನದು 1972ರ ಅಂಬಾಸಿಡರ್ ಮಾರ್ಕ್ 2. 1489 ಸಿಸಿಯ ಪೆಟ್ರೋಲ್ ಎಂಜಿನ್. ವರ್ಷಕ್ಕೊಮ್ಮೆ ಅದನ್ನು ತೊಳೆದು, ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ದೇವರಗುಡ್ಡಕ್ಕೆ ಹೋಗಿಬರುವುದು ಮನೆಯ ಪದ್ಧತಿ. ಎರಡು ವರ್ಷದ ಹಿಂದೆ ಅದರ ಎಂಜಿನ್ ‘ಟಕ್ ಟಕ್’ ಎನ್ನತೊಡಗಿತು. ಮಾಮ ಒಂದು ಗ್ಯಾರೇಜಿಗೆ ಒಯ್ದ. ಅವರು ಬಾನೆಟ್ ಎತ್ತಿ, ಅರ್ಧ ನಿಮಿಷ ನೋಡಿ, ಇದ್ದ ಆಯಿಲ್ ಇಳಿಸಿ ಗೇರ್ ಬಾಕ್ಸಿಗೆ ಹಾಕುವ ದಪ್ಪ ಆಯಿಲ್ ಬೆರೆಸಿ ತುಂಬಿದರು. ಸದ್ದು ನಿಂತಿತು. ಮಾಮನಿಗೆ ಖುಷಿಯೋ ಖುಷಿ. ಮುಂದಿನ ಆಯುಧಪೂಜೆಯ ದಿನ, ಗುಡ್ಡದಿಂದ ಇಳಿದು ಬರುವಾಗ, ಎಂಜಿನ್ ಜಾಮ್ ಆಗಿ ರಸ್ತೆಯ ನಡುವೆ ನಿಂತಿತು.

ಹಳೆಯ ಗಾಡಿಗೆ ದಪ್ಪ ಆಯಿಲ್ ಹಾಕಿದರೆ ಸಾಕು ಎಂಬ ಈ ನಂಬಿಕೆಯ ವಿರುದ್ಧವೇ ನನ್ನ ತಕರಾರು. ಇದು ರಿಪೇರಿಯಲ್ಲ, ಸಾಕ್ಷಿಯ ಬಾಯಿಗೆ ಬಟ್ಟೆ ತುರುಕುವ ಕೆಲಸ.

ಯಾಕೆಂದು ಹೇಳುತ್ತೇನೆ. ಎಂಜಿನ್ನಿನ ತಳದ ಚೇಂಬರಿನಲ್ಲಿ ನಿಂತ ಆಯಿಲ್ಲನ್ನು ಪಂಪು ಒಂದು ಜಾಲರಿಯ ಮೂಲಕ ಎಳೆದುಕೊಳ್ಳುತ್ತದೆ. ಅದು ಫಿಲ್ಟರ್ ದಾಟಿ ಕ್ರ್ಯಾಂಕಿನ ಮೇನ್ ಬೇರಿಂಗುಗಳಿಗೆ, ಅಲ್ಲಿಂದ ಕನೆಕ್ಟಿಂಗ್ ರಾಡಿನ ಬೇರಿಂಗುಗಳಿಗೆ, ಕೊನೆಗೆ ಮೇಲಿನ ರಾಕರ್ ಶಾಫ್ಟಿಗೆ ಹೋಗುತ್ತದೆ. ಬೇರಿಂಗಿಗೂ ಕ್ರ್ಯಾಂಕಿಗೂ ನಡುವಿನ ಸಂದು ಕೂದಲೆಳೆಗಿಂತ ತೆಳು. ಅಲ್ಲಿ ಆಯಿಲ್ಲಿನ ಪದರ ಇರುವವರೆಗೆ ಲೋಹ ಲೋಹವನ್ನು ಮುಟ್ಟುವುದಿಲ್ಲ. ಸಂದು ಸವೆದು ಅಗಲವಾದರೆ ರಾಡು ಬಡಿಯುತ್ತದೆ. ದಪ್ಪ ಆಯಿಲ್ ಆ ಬಡಿತಕ್ಕೆ ಮೆತ್ತೆಯಾಗುತ್ತದೆ, ನಿಜ. ಗೇಜಿನ ಮುಳ್ಳನ್ನೂ ಮೇಲಕ್ಕೇರಿಸುತ್ತದೆ. ಆದರೆ ಪ್ರೆಶರ್ ಎಂದರೆ ಹರಿವಿಗೆ ಬರುವ ತಡೆ. ಮುಳ್ಳು ಮೇಲಿದ್ದ ಮಾತ್ರಕ್ಕೆ ಬೇರಿಂಗಿಗೆ ಆಯಿಲ್ ಸಾಕಷ್ಟು ತಲುಪುತ್ತಿದೆ ಎಂದಲ್ಲ. ಕಾಲುವೆಯ ಗೇಟಿನಲ್ಲಿ ನೀರು ತುಂಬಿ ನಿಂತಿದ್ದರೂ ತುದಿಯ ಹೊಲ ಒಣಗಿರಬಹುದು. ಇದನ್ನು ನಮ್ಮ ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಜಾಮ್ ಆದ ಕಾರನ್ನು ಎಳೆದುಕೊಂಡು ಹೋದದ್ದು ರಾಣೆಬೆನ್ನೂರಿನ ಒಬ್ಬ ಹಿರಿಯ ಮಿಸ್ತ್ರಿಯ ಬಳಿಗೆ. ಚೇಂಬರ್ ಬಿಚ್ಚಿದಾಗ ತಳದಲ್ಲಿ ಕಪ್ಪು ಹಲ್ವಾದಂತೆ ಗಸಿ ಕಟ್ಟಿತ್ತು. ಜಾಲರಿಯ ಕಣ್ಣುಗಳು ಮುಕ್ಕಾಲು ಮುಚ್ಚಿದ್ದವು. ಕಾರಣ ನಮ್ಮ ಪೂಜೆಯೇ. ವರ್ಷಕ್ಕೊಮ್ಮೆ ಓಡುವ, ನಡುನಡುವೆ ಎರಡು ನಿಮಿಷ ಚಾಲೂ ಮಾಡಿ ಆರಿಸುವ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಒಳಗೆ ಸೇರಿದ ನೀರಿನ ಹಬೆ, ಉರಿಯದ ಪೆಟ್ರೋಲು ಆವಿಯಾಗಿ ಹೊರಹೋಗದೆ ಆಯಿಲ್ಲಿನಲ್ಲೇ ಉಳಿದು ಗಸಿಯಾಗುತ್ತವೆ. ತೆಳು ಆಯಿಲ್ಲೇ ನುಗ್ಗದ ಆ ಜಾಲರಿಯಲ್ಲಿ ದಪ್ಪ ಆಯಿಲ್ ನುಗ್ಗೀತೇ? ಮೂರನೆಯ ರಾಡಿನ ಬೇರಿಂಗ್ ಕರಗಿ ಕ್ರ್ಯಾಂಕಿಗೆ ಹತ್ತಿತ್ತು. ರಾಡು ಮುರಿದು ಬ್ಲಾಕ್ ಒಡೆಯದಿದ್ದದ್ದೇ ಪುಣ್ಯ.

ಅದು ಒಡೆದಿದ್ದರೆ ಹೋಗುತ್ತಿದ್ದದ್ದು ಬರೀ ದುಡ್ಡಲ್ಲ. 2021ರ ಕೇಂದ್ರ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಚಾಸಿ, ಬಾಡಿ, ಎಂಜಿನ್ ದೊಡ್ಡ ಬದಲಾವಣೆಯಿಲ್ಲದೆ ಮೂಲರೂಪದಲ್ಲಿರುವ ಗಾಡಿಗಷ್ಟೇ ‘ವಿಂಟೇಜ್’ ಎಂಬ ಮಾನ್ಯತೆ, ‘ವಿಎ’ ಸರಣಿಯ ನಂಬರು. ಮಾಮ ಆ ಅರ್ಜಿಯ ಕನಸಿನಲ್ಲಿದ್ದ.

ರಿಪೇರಿ ಮುಗಿದು ಎಂಜಿನ್ ಚಾಲೂ ಆದ ದಿನ ನಾವು ಮೂವರೂ ಒಟ್ಟಿಗೆ ಮಾತಾಡುತ್ತಿದ್ದೆವು. ಮಿಸ್ತ್ರಿ ತಲೆ ಎತ್ತದೆ ಹೇಳಿದ: “ಮದ್ಲ ನೀವು ಎಲ್ಲಾರೂ ಸುಮ್ಮಿರ್ರಿ. ಅದು ಏನ್ ಹೇಳತೈತಿ ಕೇಳೂಣು.” ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿದ. ಅಂದು ಅವನಿಂದ ಕಲಿತದ್ದು ಇಷ್ಟು: ಮೇಲಿನಿಂದ ಬರುವ ಹಗುರ ಟಿಕ್‌ಟಿಕ್ ಟ್ಯಾಪೆಟ್ಟಿನದು, ಸಂದಿಗೆ ಫೀಲರ್ ಗೇಜು ತೂರಿಸಿದರೆ ಅಡಗುತ್ತದೆ. ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದಂತೆ ಕಡಿಮೆಯಾದರೆ ಪಿಸ್ಟನ್ನಿನದು. ಬಿಸಿಯಾದಂತೆ ಹೆಚ್ಚಾಗುವ ಗಡಸು ಬಡಿತ ಬೇರಿಂಗಿನದು. ಒಂದೊಂದೇ ಪ್ಲಗ್ಗಿನ ವೈರು ಬಿಡಿಸುತ್ತ ಹೋದರೆ, ಯಾವುದನ್ನು ಬಿಡಿಸಿದಾಗ ಬಡಿತ ತಗ್ಗುತ್ತದೋ ಆ ರಾಡೇ ಅಪರಾಧಿ. ಫ್ಯಾನ್ ಬೆಲ್ಟ್ ಕಳಚಿದಾಗ ಸದ್ದು ಹೋದರೆ ಎಂಜಿನ್ನಿನ ಒಳಗೆ ಏನೂ ಆಗಿಲ್ಲ. ವಾಟರ್ ಪಂಪನ್ನೋ ಡೈನಮೋವನ್ನೋ ನೋಡಬೇಕು.

“ಬಡವನ ಗಾಡಿ, ಪ್ರತಿ ಸದ್ದಿಗೂ ಎಂಜಿನ್ ಇಳಿಸಲು ದುಡ್ಡೆಲ್ಲಿದೆ?” ಎನ್ನುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಮೇಲೆ ಹೇಳಿದ ಯಾವ ಪರೀಕ್ಷೆಗೂ ಎಂಜಿನ್ ಇಳಿಸಬೇಕಿಲ್ಲ. ಪ್ರೆಶರ್ ಗೇಜು ಹಾಕಿ ನೋಡುವುದು, ಇಳಿಸಿದ ಆಯಿಲ್ಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಲೋಹದ ಹೊಳಪಿದೆಯೇ ಎಂದು ಪರೀಕ್ಷಿಸುವುದು ಒಂದು ತಾಸಿನ ಕೆಲಸ. ಸವೆದ ಎಂಜಿನ್ನಿಗೆ ಕಂಪನಿಯ ಪುಸ್ತಕ ಒಪ್ಪುವ ಮಿತಿಯೊಳಗೆ ಒಂದು ಮೆಟ್ಟಿಲು ದಪ್ಪ ಆಯಿಲ್ ಹಾಕುವುದಕ್ಕೂ ನನ್ನ ವಿರೋಧವಿಲ್ಲ. ಅದು ಕಾರಣ ತಿಳಿದ ಮೇಲೆ ಮಾಡುವ ತೀರ್ಮಾನವಾಗಿರಬೇಕು. ಮೊದಲೇ ಬೇರಿಂಗ್ ಬದಲಿಸಿ ಜಾಲರಿ ತೊಳೆದಿದ್ದರೆ ಸಣ್ಣ ಖರ್ಚಿನಲ್ಲಿ ಮುಗಿಯುತ್ತಿತ್ತು. ಕ್ರ್ಯಾಂಕನ್ನು ಲೇತಿನಲ್ಲಿ ಹೆರೆಸಿ, ಬೇರಿಂಗ್ ಹುಡುಕಿ ತರುವಷ್ಟರಲ್ಲಿ ಮಾಮ ಒಂದು ಸುಗ್ಗಿಯ ಮೆಣಸಿನಕಾಯಿ ದುಡ್ಡು ಸುರಿದ.

ನಾವು ಓದಿದವರೂ ಇದೇ ತಪ್ಪು ಮಾಡುತ್ತೇವೆ. ಕಾರ್ಣಿಕದ ವಾಕ್ಯ ಪೂರ್ತಿ ಕಿವಿಗೆ ಬೀಳುವ ಮೊದಲೇ ನನ್ನ ಟಿಪ್ಪಣಿ ಪುಸ್ತಕದಲ್ಲಿ ಅರ್ಥ ಸಿದ್ಧವಿರುತ್ತಿತ್ತು. ಗೊರವಪ್ಪ ‘ಸದ್ದಲೇ’ ಎನ್ನುವುದು ಕೇಳಬೇಕಾದವರಿಗೆ. ಮಾತಾಡಬೇಕಾದವರ ಬಾಯಿ ಮುಚ್ಚಿಸಿ ಶಾಂತಿಯಾಯಿತೆಂದು ನಂಬುವುದು ಗ್ಯಾರೇಜಿನಲ್ಲೂ ತಪ್ಪು, ಗ್ಯಾರೇಜಿನ ಹೊರಗೂ ತಪ್ಪು.

ಮನೆಯಲ್ಲಿ ಹಳೆಯ ಕಾರಿದ್ದವರು ಈ ಸಲದ ಆಯುಧಪೂಜೆಗೆ ಹಾರ ತರುವ ಮುಂಚೆ ಬಾನೆಟ್ ತೆಗೆಯಿರಿ. ಎಂಜಿನ್ ಚಾಲೂ ಮಾಡಿ, ಅದು ಪೂರ್ತಿ ಬಿಸಿಯಾಗುವವರೆಗೆ ಪಕ್ಕದಲ್ಲಿ ನಿಂತು, ಸುಮ್ಮನೆ ಕೇಳಿ.