ಗಾಲಿ ಮತ್ತು ಕೀಲು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಈ ಲೇಖನದ ಹೆಸರನ್ನು ಕಂಡು ವಾಚಕ ಮಿತ್ರರು ಇದು ಎತ್ತಿನ ಗಾಡಿಯ ವಿಚಾರವೆಂದು ತಿಳಿದರೆ ಅವರ ತಪ್ಪಿಲ್ಲ. ಗಾಲಿ, ಕೀಲು ಎರಡೂ ಗಾಡಿಗೆ ಸೇರಿದ ಮಾತುಗಳೇ. ಆದರೆ ನಾನು ಹೇಳಹೊರಟಿರುವ ಗಾಲಿ ಸ್ಕೇಟ್‌ಬೋರ್ಡ್ ಎಂಬ ಆಟದ ಹಲಗೆಯದು. ಕೀಲು ಮನುಷ್ಯನ ಮೊಣಕಾಲಿನದು. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ನನಗೂ ಈ ವಿಷಯಕ್ಕೂ ಎಲ್ಲಿಂದೆಲ್ಲಿಯ ನಂಟು ಎಂದು ಯಾರಾದರೂ ಕೇಳಿದರೆ, ಅದು ಲೇಖನದ ಕೊನೆಯ ವೇಳೆಗೆ ತಾನಾಗಿಯೇ ತಿಳಿದೀತು ಎಂದಷ್ಟೇ ಈಗ ಹೇಳಬಲ್ಲೆ.

ಕಳೆದ ಬೇಸಗೆಯ ರಜೆಯಲ್ಲಿ ನಾನು ಬೆಂಗಳೂರಿಗೆ ಹೋಗಿ ನನ್ನ ಸೋದರಮಾವನ ಬಳಿ ಒಂದು ತಿಂಗಳು ಇದ್ದೆ. ಆತ ಅಲ್ಲಿನ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಕಾವಲುಗಾರ. ಬೆಳಗಿನ ಐದೂವರೆಗೆ ಗೇಟಿನ ಹತ್ತಿರ ನಿಂತಿದ್ದಾಗ, ತಲೆ ಪೂರ್ತಿ ನರೆತ ಹಿರಿಯರೊಬ್ಬರು ಒಂದು ಉದ್ದ ಹಲಗೆಯ ಮೇಲೆ ನಿಂತು, ಒಳರಸ್ತೆಯಲ್ಲಿ ಸದ್ದೇ ಇಲ್ಲದೆ ತೇಲಿಹೋದರು. ತಲೆಗೆ ಶಿರಸ್ತ್ರಾಣ, ಮುಂಗೈಗೂ ಮೊಣಕಾಲಿಗೂ ಕವಚ. ನನಗೆ ನಗು ತಡೆಯಲಾಗಲಿಲ್ಲ. ಅವರು ಒಂದು ಸುತ್ತು ಹಾಕಿ ಬಂದು ನಿಂತರು.

"ಯಾಕಪ್ಪಾ, ಮುದುಕನಿಗೆ ಹುಚ್ಚು ಅನ್ನಿಸಿತೇ?" ಎಂದರು.

"ಇಲ್ಲ ಸಾರ್" ಎಂದು ತಲೆ ತಗ್ಗಿಸಿದೆ. ಅವರು ನಕ್ಕು, ತಮಗೆ ಐವತ್ತೆಂಟು ವರ್ಷವೆಂದೂ ಮಂಡ್ಯದ ಕಡೆಯವರೆಂದೂ ಕ್ಯಾಲಿಫೋರ್ನಿಯದಲ್ಲಿ ಬಹುಕಾಲ ಇಂಜಿನಿಯರಾಗಿದ್ದು ಈಚೆಗೆ ಹಿಂದಿರುಗಿದವರೆಂದೂ ಹೇಳಿದರು. ನಲವತ್ತರ ವಯಸ್ಸಿನಲ್ಲಿ ಮಗನನ್ನು ಆಡಿಸಲು ಹೋಗಿ ತಾವೇ ಈ ಆಟಕ್ಕೆ ಮರುಳಾದವರು. ಅಂದಿನಿಂದ ನಾನು ಹೊರಡುವ ದಿನದವರೆಗೂ ಪ್ರತಿದಿನ ಬೆಳಿಗ್ಗೆ ಅವರ ಪಾಠ ನಡೆಯಿತು. ಮುಂದೆ ಬರೆಯುವುದರಲ್ಲಿ ಅವರಿಂದ ಕೇಳಿದ್ದೂ ಇದೆ, ನಂತರ ನಾನೇ ಹುಡುಕಿ ಓದಿದ್ದೂ ಇದೆ.

ಈ ಆಟ ಹುಟ್ಟಿದ್ದು ಕ್ಯಾಲಿಫೋರ್ನಿಯದ ಕಡಲತೀರದಲ್ಲಿ. ಅಲೆಯ ಮೇಲೆ ಹಲಗೆ ಹಾಕಿ ಜಾರುವ ತರುಣರು, ಅಲೆ ಏಳದ ದಿನಗಳಲ್ಲಿ ಹಲಗೆಗೆ ರೋಲರ್ ಸ್ಕೇಟಿನ ಗಾಲಿಗಳನ್ನು ಜೋಡಿಸಿ ಬೀದಿಯಲ್ಲೇ ಜಾರತೊಡಗಿದರು. 1950ರ ದಶಕದ ಆ ಗಾಲಿಗಳು ಬಹುಮಟ್ಟಿಗೆ ಉಕ್ಕಿನವು. 1960ರ ದಶಕದಲ್ಲಿ ಜೇಡಿಮಣ್ಣಿನ ಮಿಶ್ರಣದ ಗಾಲಿಗಳು ಬಂದವು. ಎರಡೂ ಬಿರುಸು. ಒಂದು ಸಣ್ಣ ಕಲ್ಲು ಅಡ್ಡ ಬಂದರೆ ಗಾಲಿ ನಿಲ್ಲುತ್ತಿತ್ತು, ಸವಾರ ನಿಲ್ಲುತ್ತಿರಲಿಲ್ಲ. ಮುಂದಕ್ಕೆ ಮುಗ್ಗರಿಸಿ ಬೀಳುತ್ತಿದ್ದ. 1970ರ ದಶಕದ ಆರಂಭದಲ್ಲಿ ಫ್ರ್ಯಾಂಕ್ ನ್ಯಾಸ್‌ವರ್ದಿ ಎಂಬ ತರುಣ ಪಾಲಿಯುರಿಥೇನ್ ಎಂಬ, ರಬ್ಬರಿನಂತೆ ಬಾಗುವ ಆದರೆ ಬೇಗ ಸವೆಯದ ವಸ್ತುವಿನ ಗಾಲಿಯನ್ನು ಈ ಹಲಗೆಗೆ ತಂದ. ಆಟದ ಚರಿತ್ರೆಯೇ ಅಲ್ಲಿಂದ ಹೊರಳಿತು. ಪೆಟ್ಟನ್ನು ಮನುಷ್ಯನ ದೇಹಕ್ಕೆ ಮುಟ್ಟುವ ಮೊದಲು ಗಾಲಿಯೇ ತಿನ್ನಬೇಕು ಎಂಬುದು ಆ ಹೊಸ ಗಾಲಿಯ ತತ್ತ್ವ. ನನ್ನ ಈ ಲೇಖನದ ತತ್ತ್ವವೂ ಅದೇ.

ಈಗ ಹಲಗೆಯ ಅಂಗಾಂಗಗಳನ್ನು ಮೊಣಕಾಲಿನ ಕಣ್ಣಿನಿಂದ ನೋಡೋಣ. ಬೀದಿಯಲ್ಲಿ ನೆಗೆದು ಕಸರತ್ತು ಮಾಡುವ ಹುಡುಗರ ಗಾಲಿ ಸುಮಾರು 50ರಿಂದ 54 ಮಿಲಿಮೀಟರ್ ವ್ಯಾಸ, ಬಹಳ ಗಟ್ಟಿ. ಲಾಂಗ್‌ಬೋರ್ಡ್ ಎಂಬ ಉದ್ದ ಹಲಗೆಯ ಗಾಲಿಯಾದರೋ 65ರಿಂದ 80 ಮಿಲಿಮೀಟರಿನವರೆಗೆ ಇರುತ್ತದೆ, ಮೆದುವಾಗಿಯೂ ಇರುತ್ತದೆ. ಈ ಗಟ್ಟಿತನವನ್ನು ಶೋರ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಬೀದಿಯ ಗಾಲಿ 97ಎ, 101ಎ ಎಂದಿದ್ದರೆ, ಹಿರಿಯರು ನೆಚ್ಚುವ ಗಾಲಿ 75ಎ ಇಂದ 80ಎ ಒಳಗಿರುತ್ತದೆ. ದೊಡ್ಡದೂ ಮೆದುವೂ ಆದ ಗಾಲಿ ಕಲ್ಲುಹರಳನ್ನು ನುಂಗಿ ದಾಟುತ್ತದೆ. ರಸ್ತೆಯ ಒರಟನ್ನು ಪಾದಕ್ಕೆ ತಲುಪಿಸುವುದಿಲ್ಲ.

ಇನ್ನು ಹಲಗೆ. ಬೀದಿಯ ಹಲಗೆ ಸಾಮಾನ್ಯವಾಗಿ ಮೇಪಲ್ ಮರದ ಏಳು ಪದರಗಳನ್ನು ಅಂಟಿಸಿ ಮಾಡಿದ್ದು; ಬಾಗುವುದು ಕಡಿಮೆ. ಬಿದಿರು ಮತ್ತು ಗಾಜಿನ ನಾರು ಸೇರಿಸಿ ಮಾಡಿದ ಉದ್ದ ಹಲಗೆ ಕಾಲಡಿಯಲ್ಲಿ ಸ್ಪ್ರಿಂಗಿನಂತೆ ಮಣಿದು ಏಳುತ್ತದೆ. ಅತಿಯಾಗಿ ಮಣಿಯುವ ಹಲಗೆ ವೇಗದಲ್ಲಿ ನಂಬಿಕೆಗೆ ಅರ್ಹವಲ್ಲ. ಆದರೆ ಐವತ್ತೆಂಟರ ಸವಾರರಿಗೆ ವೇಗದ ಗೊಡವೆ ಏಕೆ? ಹಲಗೆಯ ಎತ್ತರವೂ ಮುಖ್ಯ. ಒಂದು ಕಾಲು ಹಲಗೆಯ ಮೇಲಿಟ್ಟು ಇನ್ನೊಂದರಿಂದ ನೆಲವನ್ನು ಒದೆಯುವಾಗ, ಮೇಲಿನ ಕಾಲಿನ ಮಂಡಿ ಪ್ರತಿಸಲವೂ ಬಾಗಲೇಬೇಕು. ಹಲಗೆ ನೆಲಕ್ಕೆ ಹತ್ತಿರವಾದಷ್ಟೂ ಬಾಗುವುದು ಕಡಿಮೆ. ಆದುದರಿಂದಲೇ ಗಾಲಿಯ ಚೌಕಟ್ಟನ್ನು ಹಲಗೆಯ ತೂತಿನ ಮೂಲಕ ತೂರಿಸಿ ತಗ್ಗಿಸಿದ ಹಲಗೆಗಳೂ ನಡುವನ್ನೇ ಕೆಳಕ್ಕೆ ಇಳಿಸಿದ ಹಲಗೆಗಳೂ ಬಂದಿವೆ. ನೂರು ಸಲ ಒದೆಯುವ ದಾರಿಯಲ್ಲಿ ಎರಡು ಬೆರಳಷ್ಟು ತಗ್ಗು ಎಂದರೆ ಸಣ್ಣ ಲಾಭವಲ್ಲ.

ಗಾಲಿಯೊಳಗಿನ ಬೇರಿಂಗ್ ಕೇವಲ 22 ಮಿಲಿಮೀಟರ್ ವ್ಯಾಸದ ವಸ್ತು. ಅದರಲ್ಲಿ ಧೂಳು ತುಂಬಿದರೆ ಹಲಗೆ ಬೇಗ ನಿಲ್ಲುತ್ತದೆ, ಹೆಚ್ಚು ಸಲ ಒದೆಯಬೇಕಾಗುತ್ತದೆ. ನೀರಿನಲ್ಲಿ ಓಡಿಸದೆ, ಆಗಾಗ ಬಿಚ್ಚಿ ತೊಳೆದು, ಒಣಗಿಸಿ, ಒಂದು ತೊಟ್ಟು ತೆಳು ಎಣ್ಣೆ ಬಿಡುವುದು ಗಾಲಿಯ ಸೇವೆಯಷ್ಟೇ ಅಲ್ಲ, ಮಂಡಿಯ ಸೇವೆಯೂ ಹೌದು. ಒಂದೇ ಕಾಲಿನಿಂದ ಒದೆಯುತ್ತಿದ್ದರೆ ಭಾರವೆಲ್ಲ ಒಂದೇ ಮಂಡಿಗೆ ಬೀಳುವುದರಿಂದ, ಕಾಲು ಬದಲಿಸಿ ಒದೆಯುವುದನ್ನು ಅವರು ಒಂದು ವರ್ಷ ಕಷ್ಟಪಟ್ಟು ಕಲಿತರಂತೆ. ಇಳಿಜಾರನ್ನು ಅವರು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಪಾದವನ್ನು ನೆಲಕ್ಕೆ ಉಜ್ಜಿ ನಿಲ್ಲಿಸುವಾಗ ಇಡೀ ದೇಹ ಒಂಟಿ ಮಂಡಿಯ ಮೇಲೆ ನಿಲ್ಲುತ್ತದೆ; ಸಮನೆಲದಲ್ಲಾದರೆ ಹಲಗೆ ತಾನಾಗಿ ನಿಲ್ಲುವವರೆಗೆ ಕಾಯಬಹುದು. ಕಾಯುವುದಕ್ಕೆ ವಯಸ್ಸು ಕಲಿಸಿದೆ ಎಂದು ಅವರು ನಗುತ್ತಿದ್ದರು.

ಇಷ್ಟೆಲ್ಲ ಸಲಕರಣೆ ಇದ್ದರೂ ಕೀಲು ಸವೆಯುವುದಿಲ್ಲವೇ? ಈ ಪ್ರಶ್ನೆಯಲ್ಲಿ ನಮ್ಮ ಜನದ ಒಂದು ದೊಡ್ಡ ತಪ್ಪು ತಿಳಿವಳಿಕೆ ಅಡಗಿದೆ. ನಾವು ಕೀಲನ್ನು ಗಾಡಿಯ ಕೀಲಿನಂತೆಯೇ ಭಾವಿಸಿ, ಬಳಸಿದಷ್ಟೂ ಸವೆಯುತ್ತದೆ, ಬಳಸದಿದ್ದರೆ ಉಳಿಯುತ್ತದೆ ಎಂದುಕೊಂಡಿದ್ದೇವೆ. ಮೂಳೆಗಳ ತುದಿಯನ್ನು ಹೊದಿಸಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಸುತ್ತಲಿನ ದ್ರವವೇ ಅದರ ಆಹಾರ. ಸ್ಪಂಜನ್ನು ಹಿಂಡಿ ಬಿಟ್ಟಂತೆ, ಭಾರ ಬಿದ್ದು ತೆಗೆದಾಗ ಆ ದ್ರವ ಒಳಹೊರಗೆ ಆಡುತ್ತದೆ. ಅಂದಮೇಲೆ ಕದಲದೆ ಕುಳಿತ ಕೀಲು ಉಪವಾಸ ಕುಳಿತ ಕೀಲು. ತೊಡೆಯ ಮುಂಭಾಗದ ಸ್ನಾಯು ಬಲವಾಗಿದ್ದರೆ ಮಂಡಿಯ ಹೊರೆಯಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಮಂಡಿ ಸವೆದವರಿಗೂ ಇಂದಿನ ವೈದ್ಯರು ಮೊದಲು ಹೇಳುವುದು ವ್ಯಾಯಾಮವನ್ನೇ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಮಲಗಿ ಕಾಲನ್ನು ನೆಟ್ಟಗೆ ಎತ್ತಿ ಹಿಡಿಯುವುದು, ಗೋಡೆಯ ಪಕ್ಕದಲ್ಲಿ ಒಂಟಿ ಕಾಲಿನಲ್ಲಿ ನಿಲ್ಲುವುದು, ಇವಕ್ಕೆ ಕಾಸು ಖರ್ಚಿಲ್ಲ. ಮೈತೂಕವೂ ಲೆಕ್ಕಕ್ಕುಂಟು: ಸ್ಥೂಲಕಾಯದ ಮಂಡಿರೋಗಿಗಳನ್ನು ಪರೀಕ್ಷಿಸಿ 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಂತೆ, ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಗ್ಲೂಕೋಸಮೀನ್ ಎಂಬ ಮಾತ್ರೆಯನ್ನು ಜನ ಆಸೆಯಿಂದ ಕೊಳ್ಳುತ್ತಾರೆ. 2006ರಲ್ಲಿ ಅಲ್ಲಿಯೇ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಒಟ್ಟಾರೆ ರೋಗಿಗಳ ಲೆಕ್ಕ ಹಿಡಿದರೆ, ಅದು ಹುಸಿ ಮಾತ್ರೆಗಿಂತ ಗಮನಾರ್ಹವಾಗಿ ಮೇಲೆನಿಸಲಿಲ್ಲ. ಮಂಡಿ ಊದಿಕೊಂಡರೆ, ಸಿಕ್ಕಿಹಾಕಿಕೊಂಡರೆ, ಹಠಾತ್ತನೆ ಕೈಕೊಟ್ಟರೆ ಮಾತ್ರ ವ್ಯಾಯಾಮದ ಮಾತು ಬಿಟ್ಟು ಮೊದಲು ವೈದ್ಯರ ಬಳಿಗೆ ಹೋಗಬೇಕು.

ಈ ಆಟದಲ್ಲಿ ಅಪಾಯವಿಲ್ಲವೆಂದು ನಾನು ವಾದಿಸಲಾರೆ. ಆಟದ ಮಹಾಶೂರನೆನಿಸಿದ ಟೋನಿ ಹಾಕ್ 2022ರಲ್ಲಿ, ತನ್ನ 53ನೆಯ ವಯಸ್ಸಿನಲ್ಲಿ, ತೊಡೆಯ ಮೂಳೆ ಮುರಿದುಕೊಂಡ. ಬೀಳುವಾಗ ಕೈ ಚಾಚುವುದು ಸಹಜ. ವಯಸ್ಸಾದ ಮೂಳೆಗೆ ಅದೇ ಕಂಟಕ. ಅದಕ್ಕಾಗಿಯೇ ಮುಂಗೈ ಕವಚ, ಮಂಡಿ ಕವಚ, ಶಿರಸ್ತ್ರಾಣ ಇವು ಹಲಗೆಗಿಂತ ಮೊದಲು ಕೊಳ್ಳಬೇಕಾದ ವಸ್ತುಗಳು. ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಈ ಆಟದ ಒಂದು ವಿಭಾಗದಲ್ಲಿ ಬ್ರಿಟನ್ನಿನ ಪರವಾಗಿ ಇಳಿದ ಆಂಡಿ ಮ್ಯಾಕ್‌ಡೊನಾಲ್ಡ್‌ಗೆ 51 ವರ್ಷ; ಅದೇ ಒಲಿಂಪಿಕ್ಸಿನ ಸ್ಕೇಟ್‌ಬೋರ್ಡ್ ಪಂದ್ಯದಲ್ಲಿ ಚೀನಾದ ಬಾಲಕಿ ಝೆಂಗ್ ಹಾವ್‌ಹಾವ್‌ಗೆ 11 ವರ್ಷ. ಅಜ್ಜ ಮೊಮ್ಮಗಳ ಅಂತರದವರು ಒಂದೇ ಆಟದ ಆಟಗಾರರು! ಮುಪ್ಪಿನಲ್ಲಿ ಆಟವನ್ನು ಬಿಡುವುದು ವಿವೇಕವಲ್ಲ, ಆಡುವ ರೀತಿಯನ್ನು ಬದಲಿಸಿಕೊಳ್ಳುವುದೇ ವಿವೇಕ ಎಂಬುದು ನನ್ನ ದೃಢವಾದ ಅಭಿಪ್ರಾಯ. ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ ಎಂದು ವೃದ್ಧರನ್ನು ಮೂಲೆಗೆ ಕೂರಿಸುವುದು ನಾವು ತೋರುವ ಗೌರವವಲ್ಲ.

ಇಲ್ಲಿಗೆ ನನ್ನ ಸ್ವಂತ ಮಾತಿಗೆ ಬರುತ್ತೇನೆ. ನನ್ನ ತಂದೆ ನಮ್ಮೂರಿನ ಮಾರುಕಟ್ಟೆ ಯಾರ್ಡಿನಲ್ಲಿ ಹಮಾಲಿ. ಆ ಹಿರಿಯರಿಗಿಂತ ಆರು ವರ್ಷ ಚಿಕ್ಕವರು. ನೋಡಿದರೆ ಹತ್ತು ವರ್ಷ ದೊಡ್ಡವರಂತೆ ಕಾಣುತ್ತಾರೆ. ಎರಡು ವರ್ಷದಿಂದ ಅವರ ಬಲಮಂಡಿ ನೋಯುತ್ತಿತ್ತು. ಔಷಧದಂಗಡಿಯವರು ಕೊಟ್ಟ ಗುಳಿಗೆಗೆ ಕೂಲಿಯ ಹಣ ಸಾಕಷ್ಟು ಹೋಯಿತು. ಕೆಲಸವಿಲ್ಲದ ದಿನ ಅವರು ಅಂಗಳದಲ್ಲಿ ಅಡ್ಡಾಡಿದರೂ, "ಸುಮ್ಮನೆ ಕೂತ್ಕೊಳ್ಳಪ್ಪ, ಇದ್ದ ಮಂಡೀನೂ ಹೋಗ್ತದೆ" ಎಂದು ಗದರುತ್ತಿದ್ದವನು ನಾನೇ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ನನ್ನ ಮಾತನ್ನು ಅವರು ಶಾಸ್ತ್ರವೆಂದು ಕೇಳಿದರು. ತಿಳಿಯದೆ ಹೇಳಿದ ಆ ಮಾತಿಗಾಗಿ ನಾನು ಈಗ ನಾಚುತ್ತೇನೆ.

ರಜೆ ಮುಗಿಸಿ ಊರಿಗೆ ಬಂದವನು ಅವರ ಕೆಲಸದ ಸ್ಥಳಕ್ಕೆ ಹೋಗಿ ಮೊದಲ ಬಾರಿಗೆ ಕಣ್ಣಿಟ್ಟು ನೋಡಿದೆ. ಮೂಟೆ ಸಾಗಿಸುವ ಕೈಗಾಡಿಗೆ ಎರಡು ಚಿಕ್ಕ ಕಬ್ಬಿಣದ ಗಾಲಿ. ನೆಲ ಒರಟು ಕಲ್ಲು. ಐವತ್ತು ಕಿಲೋದ ಮೂರು ಮೂಟೆ ಹೇರಿ ತಳ್ಳುವಾಗ, ಪ್ರತಿ ಸಂದಿಗೂ ಗಾಲಿ ತಡೆದು, ಆ ಪೆಟ್ಟು ತೋಳಿನಿಂದ ಸೊಂಟಕ್ಕೆ, ಸೊಂಟದಿಂದ ಮಂಡಿಗೆ ಇಳಿಯುವುದು ಕಣ್ಣಿಗೇ ಕಾಣುತ್ತಿತ್ತು. ಆಟದ ಹಲಗೆಗೆ ಉಕ್ಕಿನ ಗಾಲಿ ತಕ್ಕದ್ದಲ್ಲವೆಂದು ಅರ್ಧ ಶತಮಾನದ ಹಿಂದೆಯೇ ತೀರ್ಮಾನವಾಯಿತು. ದುಡಿಮೆಯ ಗಾಡಿಗೆ ಇಂದಿಗೂ ಆಗಿಲ್ಲ. ಮಂಡಿಯ ಮಾಲೀಕರೊಬ್ಬರಿಗೆ ಇದನ್ನು ವಿನಯದಿಂದಲೇ ಹೇಳಿದೆ. "ಇಷ್ಟು ವರ್ಷ ನಡೆದಿಲ್ಲವೇ?" ಎಂದರು. ಗಾಡಿ ನಡೆದಿದೆ, ನಡೆಸಿದವರು ಈಗ ಕುಂಟುತ್ತಿದ್ದಾರೆ.

ಕೊನೆಗೆ ತಂದೆಯವರೂ ಇಬ್ಬರು ಜೊತೆಗಾರರೂ ಹಣ ಸೇರಿಸಿ, ಗುಜರಿ ಅಂಗಡಿಯಿಂದ ಎರಡು ದೊಡ್ಡ ರಬ್ಬರು ಗಾಲಿ ತಂದು ಒಂದು ಗಾಡಿಗೆ ಹಾಕಿಸಿದರು. ಮೊದಲ ದಿನ ತಳ್ಳಿ ಬಂದ ತಂದೆ ಹೇಳಿದ್ದು ಒಂದೇ ಮಾತು: "ಸದ್ದು ಕಮ್ಮಿಯಾಯ್ತು ಕಣ್ಲಾ." ಈಗ ಆ ಗಾಡಿಗಾಗಿ ಯಾರ್ಡಿನಲ್ಲಿ ಸರದಿ ಇದೆ. ಸಂಜೆ ಅವರು ಗೋಡೆಗೆ ಆನಿಸಿಟ್ಟ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುತ್ತಾರೆ. ಎಣಿಸುವವಳು ನನ್ನ ತಂಗಿ. ನೋವು ಪೂರ್ತಿ ಹೋಗಿಲ್ಲ. ಆದರೆ ಮೊನ್ನೆ ಜಾತ್ರೆಗೆ ಅವರು ನಡೆದೇ ಹೋಗಿ ಬಂದರು.

ಹೊಸ ಹಲಗೆಯ ಬೆಲೆಯಲ್ಲಿ ನಮ್ಮಂಥವರ ಮನೆಯ ತಿಂಗಳ ಸಂಸಾರ ಸಾಗೀತು. ಆದ್ದರಿಂದ ಎಲ್ಲರೂ ಅದನ್ನು ಕೊಳ್ಳಿರೆಂದು ನಾನು ಬರೆಯುತ್ತಿಲ್ಲ. ಆಟಗಾರನೊಬ್ಬನ ಮಂಡಿಗಾಗಿ ಗಾಲಿಯ ಗಟ್ಟಿತನವನ್ನು ಅಂಕಿಯಲ್ಲಿ ಅಳೆದಿರುವ ಈ ಲೋಕ, ದುಡಿಯುವವನ ಮಂಡಿಗಾಗಿಯೂ ಅಷ್ಟೇ ಶ್ರದ್ಧೆಯಿಂದ ಅಳೆಯಲಿ ಎಂಬುದು ನನ್ನ ಬೇಡಿಕೆ. ಸಹಪಾಠಿಗಳೇ, ಮುಂದಿನ ವರ್ಷ ನಾವು ಕಚೇರಿಗಳಿಗೆ, ಶಾಲೆಗಳಿಗೆ, ಅಂಗಡಿಗಳಿಗೆ ಚದುರಿಹೋಗುವವರು. ಒಂದು ಗಾಡಿ ಕೊಳ್ಳುವ, ಒಂದು ನೆಲ ಹಾಸುವ ಕಾಗದಕ್ಕೆ ಸಹಿ ಮಾಡುವ ಕೈ ನಾಳೆ ನಮ್ಮದೂ ಆದೀತು. ಆಗ ಗಾಲಿ ಯಾವುದೆಂದು ಒಮ್ಮೆ ಕೇಳೋಣ. ನಮ್ಮಲ್ಲಿ ಅನೇಕರು ಇಂಥ ಮೊಣಕಾಲುಗಳ ಬಲದಿಂದಲೇ ಈ ಪದವಿಯವರೆಗೆ ಬಂದವರು.