ಕಂಸದೊಳಗಿನ ಸಿಡಿಲು

ಈ ವಾರ ನನ್ನ ಸಿಟ್ಟೆಲ್ಲ ಎರಡೇ ಪದಗಳ ಮೇಲೆ. ‘ಸಿಡಿಲೂ ಸೇರಿ’. ಅವೂ ಧೈರ್ಯವಾಗಿ ಬಯಲಲ್ಲಿ ನಿಂತ ಪದಗಳಲ್ಲ, ಕಂಸದೊಳಗೆ ಮುದುಡಿ ಕೂತವು.

ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಈ ಸಲದ ಭರಣಿ ಹರಪನಹಳ್ಳಿ ತಾಲ್ಲೂಕಿನಲ್ಲಿ ಏನು ಮಾಡಿತೆಂದು ಪತ್ರಿಕೆಯಲ್ಲಿ ಓದಿದ್ದೀರಿ. ಉರುಳಿದ ಕಂಬ, ಹಾರಿದ ತಗಡು, ಮರದಡಿ ಸತ್ತ ಕುರಿ. ಅದನ್ನೇ ಮತ್ತೆ ಹೇಳಿ ಜಾಗ ಕೆಡಿಸುವುದಿಲ್ಲ. ಸುದ್ದಿಗೆ ಬಾರದ್ದು ಇಷ್ಟು: ಆ ರಾತ್ರಿ ಉಚ್ಚಂಗಿದುರ್ಗದ ಗುಡ್ಡದ ಬುಡದಲ್ಲಿರುವ ನಮ್ಮ ಮನೆಯ ಹಿತ್ತಲ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಸುಳಿ ಹೊತ್ತಿ ಉರಿಯಿತು. ಮನೆಯೊಳಗೆ ಒಮ್ಮೆ ‘ಟಪ್’ ಅಂದ ಸದ್ದು, ಹಿಂದೆಯೇ ಸುಟ್ಟ ವಾಸನೆ. ಬೆಳಿಗ್ಗೆ ನೋಡಿದರೆ ನನ್ನ ಆಂಪ್ಲಿಫೈಯರ್, ಟೇಪ್ ಡೆಕ್ಕು, ಎರಡು ಸ್ಪೀಕರ್ ಬಾಕ್ಸು ಎಲ್ಲವೂ ಸತ್ತಿದ್ದವು. ಟಿ.ವಿ.ಗೆ ಮಾತ್ರ ಏನೂ ಆಗಿರಲಿಲ್ಲ. ಯಾಕೆಂದು ಕೊನೆಗೆ ಹೇಳುತ್ತೇನೆ.

ನಾನು ಎದೆಗುಂದಲಿಲ್ಲ. ಮನೆ ಸಾಲ ಕೊಡುವಾಗ ಬ್ಯಾಂಕಿನವರು ಕುತ್ತಿಗೆಗೆ ಕಟ್ಟಿದ ಪಾಲಿಸಿಯೊಂದು ಟ್ರಂಕಿನಲ್ಲಿತ್ತು. ‘ಭಾರತ್ ಗೃಹ ರಕ್ಷಾ’. 2021ರ ಏಪ್ರಿಲ್ 1ರಿಂದ ದೇಶದ ಸಾಮಾನ್ಯ ವಿಮಾ ಕಂಪನಿಗಳೆಲ್ಲ ಒಂದೇ ಮಾದರಿಯಲ್ಲಿ ಮಾರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಗೊತ್ತು ಮಾಡಿದ ಪಾಲಿಸಿ ಇದು. ಒಳ್ಳೆಯ ಅಂಶಗಳೂ ಇವೆ. ಮನೆಗೆ ವಿಮೆ ಮಾಡಿಸಿದರೆ ಮನೆಯೊಳಗಿನ ಸಾಮಾನಿಗೂ ತಾನಾಗಿಯೇ ವಿಮೆ, ಕಟ್ಟಡದ ಮೊತ್ತದ ಶೇ 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ. ಒಂದೊಂದು ಚಮಚದ ಲೆಕ್ಕವನ್ನೂ ಮೊದಲೇ ಬರೆದುಕೊಡಬೇಕಿಲ್ಲ. ಯಾವ ಯಾವ ಕೇಡಿಗೆ ರಕ್ಷಣೆ ಎಂಬ ಪಟ್ಟಿಯನ್ನಂತೂ ಓದಬೇಕು. ಬೆಂಕಿ, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಕಾಳ್ಗಿಚ್ಚು, ದೊಂಬಿ, ಮೇಲಿಂದ ಬಿದ್ದ ವಿಮಾನ, ಗುರಿ ತಪ್ಪಿದ ಕ್ಷಿಪಣಿ ಪರೀಕ್ಷೆ! ಉಚ್ಚಂಗೆಮ್ಮನ ಗುಡ್ಡದ ಮೇಲೆ ಕ್ಷಿಪಣಿ ಬೀಳುವ ಕಾಲ ಬಂದರೆ ನನ್ನ ಸ್ಪೀಕರ್ ಬಾಕ್ಸಿನ ಚಿಂತೆ ಯಾರಿಗಿರುತ್ತದೋ. ಇರಲಿ, ಪಟ್ಟಿಯಲ್ಲಿ ಸಿಡಿಲೂ ಇತ್ತು. ಕಂಸವಿಲ್ಲದೆ, ರಾಜಾರೋಷವಾಗಿ ಇತ್ತು. ಫೋನ್ ಮಾಡಿ ಕ್ಲೇಮು ಹಾಕಿದೆ.

ಕಾಗದಪತ್ರದ ಜಾತ್ರೆ ಶುರುವಾಯಿತು. ಮೊದಲ ತಕರಾರು ವಿಳಾಸದ್ದು. ಮನೆಪತ್ರದಲ್ಲಿ ದಾವಣಗೆರೆ ಜಿಲ್ಲೆ, ರೇಷನ್ ಕಾರ್ಡಿನಲ್ಲಿ ಬಳ್ಳಾರಿ, ಆಧಾರಿನಲ್ಲಿ ವಿಜಯನಗರ. "ಮೂರು ಕಡೆ ಮನೆ ಐತೇನ್ರಿ?" ಎಂದು ಕೇಳಿದ ಸರ್ವೇಯರ್. ನಾನು ಕೂತಲ್ಲಿಂದ ಎದ್ದಿಲ್ಲಪ್ಪಾ, ಸರ್ಕಾರವೇ ನನ್ನನ್ನು 1997ರಲ್ಲಿ ದಾವಣಗೆರೆಗೆ ಕಳಿಸಿತು, 2018ರಲ್ಲಿ ಬಳ್ಳಾರಿಗೆ ವಾಪಸು ಕರೆಸಿತು, 2021ರಲ್ಲಿ ವಿಜಯನಗರಕ್ಕೆ ಬಿಟ್ಟಿತು ಎಂದೆ. ಖರ್ಚಿಲ್ಲದೆ ಮೂರು ಜಿಲ್ಲೆ ಸುತ್ತಿದವರು ಹರಪನಹಳ್ಳಿ ತಾಲ್ಲೂಕಿನವರು ಮಾತ್ರ.

ಎರಡನೆಯದು ಬಿಲ್ಲು. ಇಲ್ಲಿ ತಪ್ಪು ನನ್ನದೇ. ಡೆಕ್ಕು ಕಂಪನಿಯದು, ಆಂಪ್ಲಿಫೈಯರ್ ದಾವಣಗೆರೆಯಲ್ಲಿ ಅಸೆಂಬಲ್ ಮಾಡಿಸಿದ್ದು. ಅಂಗಡಿಯವನು "ಬಿಲ್ ಬೇಕಂದ್ರೆ ಟ್ಯಾಕ್ಸ್ ಬೀಳ್ತತಿ ಮಾಸ್ತರ್ರೇ" ಅಂದಿದ್ದ. ಅಪ್ರಾಮಾಣಿಕತೆ ನೂರಿನ್ನೂರು ರೂಪಾಯಿಗೆ ಸಿಗುವಾಗ ಗಣಿತದ ಮೇಷ್ಟ್ರಿಗೂ ಲೆಕ್ಕ ತಪ್ಪುತ್ತದೆ. ಈಗ ಬಿಲ್ಲಿನ ಬದಲು ಮೊಮ್ಮಗಳ ನಾಮಕರಣದ ಫೋಟೊ ಕೊಟ್ಟೆ. ತೊಟ್ಟಿಲ ಹಿಂದೆ ಆಂಪ್ಲಿಫೈಯರ್ ಸ್ಪಷ್ಟವಾಗಿ ಕಾಣುತ್ತದೆ. ಸರ್ವೇಯರ್ ಒಳ್ಳೆಯ ಹುಡುಗ, ಅದನ್ನೂ ತೆಗೆದುಕೊಂಡ. ಮೆಕ್ಯಾನಿಕ್ಕಿನ ಚೀಟಿ, ಸುಟ್ಟ ಬೋರ್ಡಿನ ಫೋಟೊ, ಸುಳಿ ಕರಕಾದ ತೆಂಗಿನ ಮರದ ಫೋಟೊ ಎಲ್ಲ ಸೇರಿ ಕಡತ ದಪ್ಪವಾಯಿತು.

"ಇದಕ್ಕೆ ಬದಲಿ ಯಾವುದು ತಗೋತೀರಿ?" ಎಂದು ಕೇಳಿದ. ಕೆಟ್ಟ ವಸ್ತುವಿನ ಬದಲಿಗೆ ಅದೇ ಅಥವಾ ಅಂಥದ್ದೇ ವಸ್ತು ಕೊಳ್ಳುವ ಖರ್ಚು ಕೊಡುವುದು ಈ ಪಾಲಿಸಿಯ ಕ್ರಮ. ಆದರೆ ಕ್ಯಾಸೆಟ್ ಹಾಕುವ ಡೆಕ್ಕು ಇವತ್ತು ಎಲ್ಲಿದೆ? ದಾವಣಗೆರೆಯ ಅಂಗಡಿಯ ಹುಡುಗ ಕೈಯುದ್ದದ ಕರಿ ಪಟ್ಟಿಯೊಂದನ್ನು ತೋರಿಸಿ, "ಇದು ಬ್ಲೂಟೂತು ಸಾರ್, ನಿಮ್ಮ ಹಳೇದಕ್ಕಿಂತ ಜೋರು" ಅಂದ. ಕ್ಯಾಸೆಟ್ ಎಲ್ಲಿ ಹಾಕೋದು ಅಂದರೆ, "ಕ್ಯಾಸೆಟ್ ಅಂದ್ರೆ?" ಅಂದ.

ಕ್ಯಾಸೆಟ್ ಅಂದರೆ ನಮ್ಮ ದೊಡ್ಡಪ್ಪ, ತಮ್ಮಾ. ಸುಗ್ಗಿ ಮುಗಿದ ಮೇಲೆ ಕಟ್ಟುತ್ತಿದ್ದ ಬಯಲಾಟದಲ್ಲಿ ಆತನದು ಕಂಸನ ಪಾತ್ರ. ಗದ್ದುಗೆಯ ಮೇಲೆ ಕಾಲಿಟ್ಟು ಅಬ್ಬರಿಸಿದರೆ ಮುಂದೆ ಕೂತ ಮಕ್ಕಳು ತಾಯಂದಿರ ಸೆರಗು ಸೇರುತ್ತಿದ್ದವು. ಎಂಬತ್ತರ ದಶಕದಲ್ಲಿ ಯಾರೋ ಪುಣ್ಯಾತ್ಮರು ಹೊಲದ ಬದುವಿನಲ್ಲಿ ಕೂತು ಟೇಪ್‌ರೆಕಾರ್ಡರಿನಲ್ಲಿ ಹಿಡಿದ ಆ ಒಂದು ರಾತ್ರಿ ನನ್ನ ಹತ್ತಿರ ಉಳಿದಿದೆ. ಮದ್ದಲೆ, ತಾಳ, ನಡುವೆ ನಾಯಿ ಬೊಗಳುವುದು, ಯಾರೋ ಕೆಮ್ಮುವುದು, ಅದರ ಮೇಲೆ ದೊಡ್ಡಪ್ಪನ ಗಂಟಲು. ಕ್ಯಾಸೆಟ್ಟಿಗೆ ಸಿಡಿಲು ಏನೂ ಮಾಡಿಲ್ಲ. ಅದನ್ನು ಮಾತಾಡಿಸುವ ಯಂತ್ರ ಸತ್ತಿದೆ. ಸರ್ವೇಯರ್ ಕ್ಯಾಸೆಟ್ಟಿನ ಎದುರು ‘ಬೆಲೆ ಇಲ್ಲ’ ಎಂದು ಬರೆದುಕೊಂಡ. ಅವನು ಬರೆದದ್ದು ಒಂದರ್ಥದಲ್ಲಿ ಸರಿಯೇ.

ಸೋಮವಾರ ಪತ್ರ ಬಂತು. ಕ್ಲೇಮು ತಿರಸ್ಕೃತ. ಬಿಲ್ಲಿಲ್ಲವೆಂದಲ್ಲ, ಮೂರು ಜಿಲ್ಲೆಯೆಂದೂ ಅಲ್ಲ. ಪಾಲಿಸಿಯ ಹಿಂದಿನ ಪುಟಗಳಲ್ಲಿ, ‘ಇವಕ್ಕೆ ಕೊಡುವುದಿಲ್ಲ’ ಎಂಬ ಪಟ್ಟಿಯಲ್ಲಿ ಒಂದು ಕಲಮು ಇದೆ. ವಿದ್ಯುತ್ ಅಥವಾ ಎಲೆಕ್ಟ್ರಾನಿಕ್ ಯಂತ್ರವು ಶಾರ್ಟ್ ಸರ್ಕ್ಯೂಟ್‌ನಿಂದಲೋ, ಅತಿ ಒತ್ತಡದಿಂದಲೋ, ಕಿಡಿ ಹಾರಿಯೋ, ತಾನೇ ಕಾದೋ, ವಿದ್ಯುತ್ ಸೋರಿಯೋ ಕೆಟ್ಟರೆ ಆ ಯಂತ್ರಕ್ಕೆ ಪರಿಹಾರವಿಲ್ಲ, ಕಾರಣ ಯಾವುದೇ ಇರಲಿ. ಹಿಂದೆಯೇ ಆ ಕಂಸ: (ಸಿಡಿಲೂ ಸೇರಿ).

ಅಂದರೆ ಏನಾಯಿತು? ಸಿಡಿಲು ನಿಮ್ಮ ಗೋಡೆ ಸೀಳಿದರೆ ಹಣ. ಆಂಪ್ಲಿಫೈಯರ್ ಹೊತ್ತಿಕೊಂಡು ಬೆಂಕಿ ಪಕ್ಕದ ಮಂಚಕ್ಕೆ ಹಬ್ಬಿದರೆ ಮಂಚಕ್ಕೆ ಹಣ. ಆಂಪ್ಲಿಫೈಯರಿಗೆ ಇಲ್ಲ. ಕಂಪನಿಯ ಹುಡುಗಿ ಫೋನಿನಲ್ಲಿ ಬಹಳ ಮರ್ಯಾದೆಯಿಂದ ಬಿಡಿಸಿ ಹೇಳಿದಳು: "ಸಾರ್, ಗಾಳಿಗೆ ನಿಮ್ಮ ಮನೆ ತಗಡು ಹಾರಿ, ಮಳೆ ನೀರು ಬಿದ್ದು ಸೆಟ್ ಹಾಳಾಗಿದ್ರೆ ಬೇರೆ ಮಾತಿತ್ತು." ತಗಡಿನ ಮನೆ ಬಿಚ್ಚಿ ಆರ್‌ಸಿಸಿ ಹಾಕಿಸಿದ್ದಕ್ಕೇ ತಾಯೀ ಈ ಸಾಲ, ಈ ಪಾಲಿಸಿ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಅವಳೇನು ಕಂಸ ಹಾಕಿದವಳೇ?

ಇದು ಆ ಕಂಪನಿಯೊಂದರ ಕಿತಾಪತಿ ಎಂದೂ ನಾನು ಹೇಳಲಾರೆ. ಇದು ಹಳೆಯ ಬೆಂಕಿ ವಿಮೆಯ ಪಾಲಿಸಿಯಲ್ಲೂ ಇದ್ದ ಸಾಲು. ಹೊಸ ಮಾದರಿ ಬರೆಯುವಾಗ ಎಷ್ಟೋ ಕಡೆ ಭಾಷೆ ಸುಲಭ ಮಾಡಿದರು, ಈ ಕಂಸವನ್ನು ಮಾತ್ರ ಅಜ್ಜನ ಆಸ್ತಿಯಂತೆ ಹಾಗೇ ದಾಟಿಸಿದರು. ಯಂತ್ರ ತನ್ನ ಹುಳುಕಿನಿಂದ ತಾನು ಕೆಟ್ಟರೆ ವಿಮೆಯವರು ಯಾಕೆ ಕೊಡಬೇಕೆಂಬ ವಾದ ನನಗೆ ಅರ್ಥವಾಗುತ್ತದೆ. ಹಳೇ ಮೋಟರು ಸುಟ್ಟುಕೊಂಡವರೆಲ್ಲ ಕ್ಲೇಮು ಹಾಕಿದರೆ ಕಂಪನಿ ಉಳಿಯುವುದಿಲ್ಲ. ಆದರೆ ಸಿಡಿಲು ನನ್ನ ಡೆಕ್ಕಿನ ಹುಳುಕೇ?

ಸಿಡಿಲಿನ ದಾರಿಯನ್ನೊಮ್ಮೆ ನೋಡಿ. ಅದು ಮನೆಯ ಮೇಲೇ ಬೀಳಬೇಕಿಲ್ಲ. ಹಿತ್ತಲ ಮರಕ್ಕೋ ಬೀದಿಯ ಕಂಬಕ್ಕೋ ಬಿದ್ದರೆ ಸಾಕು, ಸುಮಾರು 30,000 ಆಂಪಿಯರ್ ಕರೆಂಟು ಕಣ್ಣು ಮಿಟುಕಿಸುವುದರೊಳಗೆ ನೆಲಕ್ಕಿಳಿಯುತ್ತದೆ. ಹತ್ತಿರದ ತಂತಿಗಳಲ್ಲೆಲ್ಲ ಆ ಹೊಡೆತಕ್ಕೆ ವೋಲ್ಟೇಜು ಏರುತ್ತದೆ. 230 ವೋಲ್ಟಿಗೆಂದು ಹುಟ್ಟಿದ ಯಂತ್ರದೊಳಗೆ ಸಾವಿರಾರು ವೋಲ್ಟು ನುಗ್ಗುತ್ತದೆ. ಸಿಡಿಲು ರೇಡಿಯೊ, ಟಿ.ವಿ., ಡೆಕ್ಕುಗಳನ್ನು ಕೊಲ್ಲುವುದು ಬಹುಪಾಲು ಹೀಗೇ, ತಂತಿಯ ಮೂಲಕ. ‘ಸಿಡಿಲಿಗೆ ರಕ್ಷಣೆ ಇದೆ, ಸಿಡಿಲಿನ ಕರೆಂಟಿಗೆ ಇಲ್ಲ’ ಎಂದರೆ ‘ನೆರೆಗೆ ಪರಿಹಾರ ಉಂಟು, ನೀರಿನಿಂದ ಹಾಳಾದದ್ದಕ್ಕೆ ಇಲ್ಲ’ ಎಂದಂತೆ.

ನನಗೆ ಈ ಕಂಸದ ಮೇಲೆ ಹಳೆಯ ದ್ವೇಷವಿದೆ, ಓದುಗರಿಗೆ ಗೊತ್ತು. ಈಗಿನ ಪುಸ್ತಕಗಳಲ್ಲಿ ಆವರಣ ಅನ್ನುತ್ತಾರೆ. ನಮಗೆ ಅದು ಕಂಸವೇ. ಸರ್ಕಾರಿ ಆದೇಶ ನೋಡಿ, ಬ್ಯಾಂಕಿನ ಜಾಹೀರಾತು ನೋಡಿ, ಬಸ್ ಪಾಸಿನ ಹಿಂಬದಿ ನೋಡಿ. ಕೊಡುವುದು ಬಯಲಿನಲ್ಲಿ, ಕಸಿಯುವುದು ಕಂಸದಲ್ಲಿ. ‘ಎಲ್ಲರಿಗೂ ಉಚಿತ (ಷರತ್ತುಗಳು ಅನ್ವಯ)’. ‘ಅರ್ಜಿ ಸಲ್ಲಿಸಬಹುದು (ನಿನ್ನೆಯವರೆಗೆ)’. ಆ ಹೆಸರಿಟ್ಟವನು ಪುರಾಣ ಬಲ್ಲವನೇ ಇರಬೇಕು. ದೇವಕಿಯ ಕೂಸುಗಳು ಒಂದೊಂದೇ ಹುಟ್ಟಿದ ಹಾಗೆ ವಾಕ್ಯದಲ್ಲಿ ಒಂದೊಂದು ಭರವಸೆ ಹುಟ್ಟುತ್ತದೆ, ಕಂಸ ಬಂದು ಎತ್ತಿಕೊಂಡು ಹೋಗುತ್ತಾನೆ. ದೊಡ್ಡಪ್ಪನ ಆಟದಲ್ಲಿ ಒಂದು ಸನ್ನಿವೇಶವಿತ್ತು. ಕೊನೆಯ ಕೂಸನ್ನು ಬಂಡೆಗೆ ಅಪ್ಪಳಿಸಲು ಕಂಸ ಎತ್ತುತ್ತಾನೆ, ಅದು ಕೈಜಾರಿ ಮುಗಿಲಿಗೆ ಹಾರಿ ಮಿಂಚಿನಂತೆ ಬೆಳಗುತ್ತದೆ. ಪುರಾಣದ ಕಂಸನಿಗೆ ಮಿಂಚನ್ನು ಹಿಡಿಯಲಾಗಲಿಲ್ಲ. ವಿಮೆಯ ಕಂಸ ಸಿಡಿಲನ್ನೇ ಹಿಡಿದು ಒಳಗೆ ಕೂರಿಸಿದೆ!

ನಮ್ಮ ದುರ್ಗವೂ ಒಂದು ಕಾಲಕ್ಕೆ ಯಾರೂ ಹತ್ತಲಾಗದ ಕೋಟೆ ಅನ್ನಿಸಿಕೊಂಡದ್ದು. ಉಚ್ಚಂಗಿಯ ಪಾಂಡ್ಯರ ಕೈಯಿಂದ ಹೊಯ್ಸಳ ವೀರಬಲ್ಲಾಳ ಅದನ್ನು ಗೆದ್ದ. ಅವನನ್ನು ‘ಗಿರಿದುರ್ಗಮಲ್ಲ’ ಎಂದು ಶಾಸನಗಳು ಹೊಗಳಿವೆ. ಮೊದಲ ಪುಟದಿಂದ ಹೊರಟು ಹಿಂದಿನ ಪುಟದ ಕಂಸ ದಾಟಿ ಕ್ಲೇಮು ಪಡೆಯಬೇಕು ಎಂದಿದ್ದರೆ ಆ ಮಲ್ಲನೂ ಬೆಟ್ಟದ ಬುಡದಲ್ಲೇ ಬಿಡಾರ ಹೂಡುತ್ತಿದ್ದ, ಭರತ ಹುಣ್ಣಿಮೆಗೆ ಬಂದ ಭಕ್ತರ ಹಾಗೆ.

ಸುಮ್ಮನೆ ಕೂರುವವನಲ್ಲ ನಾನು. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದಿದ್ದೇನೆ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವಿಮಾ ಕರಾರಿನ ಮಾತು ಎರಡರ್ಥಕ್ಕೆ ಎಡೆಕೊಟ್ಟರೆ ಅದನ್ನು ಬರೆದವರ ವಿರುದ್ಧವೇ ಓದಬೇಕೆಂದು ನ್ಯಾಯಾಲಯಗಳು ಹೇಳುತ್ತಾ ಬಂದಿವೆ. ಒಂದು ಪುಟದಲ್ಲಿ ಸಿಡಿಲು ಇದೆ, ಇನ್ನೊಂದು ಪುಟದಲ್ಲಿ ಇಲ್ಲ, ಇದಕ್ಕಿಂತ ಎರಡರ್ಥ ಇನ್ನೇನು ಬೇಕು? ಗೆಲ್ಲುತ್ತೇನೆಂಬ ಭ್ರಮೆ ಇಲ್ಲ. ಕಂಸ ಹಾಕಿದವರು ಅದನ್ನು ಸ್ಪಷ್ಟವಾಗಿಯೇ ಹಾಕಿದ್ದೇವೆ ಅನ್ನಬಹುದು. ಅನ್ನಲಿ, ಕಾಗದದ ಮೇಲೆ ಅನ್ನಲಿ.

ನಿಮ್ಮ ಮನೆಯಲ್ಲೂ ಪಾಲಿಸಿ ಇದ್ದರೆ ಇವತ್ತೇ ಹೊರತೆಗೆದು ಆ ಕಲಮು ಹುಡುಕಿ. ಮನೆಬಳಕೆಯ ಯಂತ್ರಗಳು ಕೆಟ್ಟರೆಂದೇ ಬೇರೆ ವಿಭಾಗವಿರುವ ಗೃಹ ಪಾಲಿಸಿಗಳು ಬಹಳ ಹಿಂದಿನಿಂದ ಇವೆ, ಬೇರೆ ಪ್ರೀಮಿಯಂ ಕಟ್ಟಬೇಕು. ಅದರಲ್ಲಿ ಸೈಕಲ್ಲಿಗೂ ಒಂದು ವಿಭಾಗ ಉಂಟು. ಏಜೆಂಟರು ಅದನ್ನು ನೀವಾಗಿ ಕೇಳುವವರೆಗೆ ಹೇಳುವುದಿಲ್ಲ. ಕೇಳಿದ ಮೇಲೆ ಅದರ ಕಂಸಗಳನ್ನೂ ಓದಿ. ಸಿಡಿಲು ಎಲ್ಲಿ ಬೀಳಬಹುದೆಂದು ಮುನ್ಸೂಚನೆ ಕೊಡುವ ‘ಸಿಡಿಲು’, ‘ದಾಮಿನಿ’ ಎಂಬ ಆ್ಯಪ್‌ಗಳಿವೆ. ಕಂಸ ಎಲ್ಲಿ ಬೀಳುತ್ತದೆಂದು ಹೇಳುವ ಆ್ಯಪ್ ಇನ್ನೂ ಬಂದಿಲ್ಲ. ಪ್ರಾಧಿಕಾರದವರಿಗೆ ನನ್ನದೊಂದೇ ಬೇಡಿಕೆ: ಆ ಎರಡು ಪದಗಳನ್ನು ಕೈಬಿಡದಿದ್ದರೆ ಬೇಡ, ಮೊದಲ ಪುಟದ ಪಟ್ಟಿಯಲ್ಲಿ ‘ಸಿಡಿಲು’ ಎಂದು ಬರೆದ ಕಡೆಯೇ, ಅದೇ ದಪ್ಪ ಅಕ್ಷರದಲ್ಲಿ, ‘ರೇಡಿಯೊ-ಟಿ.ವಿ. ಬಿಟ್ಟು’ ಎಂದು ಬರೆಯಿರಿ. ಪ್ರೀಮಿಯಂ ಕಟ್ಟುವ ಮೊದಲೇ ಜನ ನೋಡಲಿ.

ಮೂವತ್ತನಾಲ್ಕು ವರ್ಷ ತರಗತಿಯಲ್ಲಿ ಬೆತ್ತ ಹಿಡಿದು "ಮೊದಲು ಕಂಸ ಬಿಡಿಸ್ರಲೇ, ಕೂಡಿ ಕಳೆಯೋದು ಆಮೇಲೆ" ಎಂದು ಕೂಗಿದವನು ನಾನೇ. ನನ್ನ ಪಾಲಿಸಿಯ ಕಂಸವನ್ನು ಮಾತ್ರ ಬಿಡಿಸಲಿಲ್ಲ. ಹಳೇ ವಿದ್ಯಾರ್ಥಿಗಳು ಓದುತ್ತಿದ್ದರೆ ನಕ್ಕುಬಿಡಿ, ಹಕ್ಕಿದೆ.

ಟಿ.ವಿ. ಹೇಗೆ ಉಳಿಯಿತು ಅಂದಿರಾ? ಮೊದಲ ಗುಡುಗಿಗೇ ನಮ್ಮ ಮನೆಯವರು ಎದ್ದು ಟಿ.ವಿ.ಯ ಪ್ಲಗ್ಗು, ಡಿಶ್ಶಿನ ವೈರು ಎರಡನ್ನೂ ಕಿತ್ತಿಟ್ಟಿದ್ದರು. "ನಿಮ್ಮ ಸೆಟ್ಟಿಂದೂ ಕೀಳ್ಲೇನ್ರಿ?" ಎಂದು ಕೇಳಿದ್ದರಂತೆ. "ಬಿಡು, ಪಾಲಿಸಿ ಐತಿ" ಅಂದಿದ್ದೆನಂತೆ ನಾನು. ರೋಹಿಣಿ, ಮೃಗಶಿರ ಇನ್ನೂ ಬಾಕಿ ಇವೆ. ಮೋಡ ಕಟ್ಟಿದ ಕೂಡಲೇ ಪ್ಲಗ್ ಕೀಳಿ. ಅದಕ್ಕೆ ಪ್ರೀಮಿಯಮ್ಮೂ ಇಲ್ಲ, ಕಂಸವೂ ಇಲ್ಲ.